ದೊಡ್ಡದು, ಅದಕ್ಕಿಂತ ದೊಡ್ಡದು, ಎಲ್ಲಕ್ಕಿಂತ ದೊಡ್ಡದು
ಸಂಘದ ಸಭೆಯಲ್ಲಿ ಹೋಲಿಕೆಯ ಇಂಗ್ಲಿಷ್ ಕಲಿಯೋಣ, ಕಲಿಸೋಣ



ಹೋಲಿಸಿ ನೋಡುವುದನ್ನು ನಮಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಸಂತೆಯಲ್ಲಿ ಎರಡು ರಾಶಿ ಟೊಮೆಟೊ ಕಂಡರೆ ಯಾವುದು ಗಟ್ಟಿ, ಯಾವುದು ಅಗ್ಗ ಎಂದು ಕಣ್ಣಿನಲ್ಲೇ ತೂಗಿಬಿಡುತ್ತೇವೆ. ಮೀನಿನ ಕಿವಿರು ಎತ್ತಿ ನೋಡಿ ಯಾವ ಬುಟ್ಟಿಯ ಬಂಗುಡೆ ತಾಜಾ ಎಂದು ಹೇಳುತ್ತೇವೆ. ಸಂಘದಲ್ಲಿ ಇಬ್ಬರು ಸಾಲ ಕೇಳಿದರೆ ಯಾರ ಅಗತ್ಯ ಹೆಚ್ಚು ಎಂದು ಕೂತು ಮಾತಾಡಿ ತೀರ್ಮಾನ ಮಾಡುತ್ತೇವೆ. ದಿನಕ್ಕೆ ಹತ್ತು ಸಲ ಮಾಡುವ ಕೆಲಸ ಇದು.

ಅದೇ ಮಾತು ಇಂಗ್ಲಿಷಿನಲ್ಲಿ ಎದುರಾದಾಗ ಮಾತ್ರ ತಡವರಿಸುತ್ತೇವೆ. ಸಾಲದ ಕಾಗದದಲ್ಲಿ 'ಹೈಯರ್', 'ಲೋಯರ್' ಎಂದಿರುತ್ತದೆ. ಅರ್ಜಿಯಲ್ಲಿ 'ನಾಟ್ ಲೆಸ್ ದ್ಯಾನ್' ಎಂದಿರುತ್ತದೆ. ಅಂಗಡಿಯ ಪೊಟ್ಟಣದ ಮೇಲೆ 'ಬೆಸ್ಟ್ ಬಿಫೋರ್' ಎಂದಿರುತ್ತದೆ. ಮಗುವಿನ ಪುಸ್ತಕದಲ್ಲಿ 'ಟಾಲ್, ಟಾಲರ್, ಟಾಲೆಸ್ಟ್' ಎಂದಿರುತ್ತದೆ. 2007-08ರ ಶಾಲಾ ವರ್ಷದಿಂದ ನಮ್ಮ ಸರ್ಕಾರಿ ಶಾಲೆಗಳಲ್ಲೂ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಶುರುವಾಯಿತು. ಮಗು ಕೇಳಿದಾಗ 'ನಂಗೊತ್ತಿಲ್ಲ ಮಗಾ, ಟೀಚರನ್ನು ಕೇಳು' ಎನ್ನುವುದು ತಾಯಿಗೂ ಬೇಸರದ ಮಾತೇ.

ವಾರದ ಸಭೆಯಲ್ಲಿ ಉಳಿತಾಯ, ಸಾಲದ ಲೆಕ್ಕ ಮುಗಿದ ಮೇಲೆ ಅರ್ಧ ಗಂಟೆ ಇಂಗ್ಲಿಷಿಗೆ ಇಟ್ಟುಕೊಳ್ಳಬಹುದು. ಹತ್ತನೇ ತರಗತಿಯನ್ನೋ ಪಿಯುಸಿಯನ್ನೋ ಓದಿದ ಸದಸ್ಯೆ ಒಬ್ಬರು ಸಂಘದಲ್ಲಿ ಇದ್ದರೆ ಸಾಕು, ಅವರೇ ಉಳಿದವರಿಗೆ ಕಲಿಸಬಹುದು. ಈ ಲೇಖನ ಕಲಿಸುವ ಆ ಸಹೋದರಿಗೂ ಕಲಿಯುವ ಎಲ್ಲರಿಗೂ ಸೇರಿದ್ದು.

ಕನ್ನಡದಲ್ಲಿ ಹೇಗೆ? ಇಂಗ್ಲಿಷಿನಲ್ಲಿ ಹೇಗೆ?

ಮೊದಲು ನಮ್ಮ ಮಾತನ್ನೇ ಗಮನಿಸೋಣ.

ಈ ಕೊಡ ದೊಡ್ಡದು.
ಈ ಕೊಡ ಆ ಕೊಡಕ್ಕಿಂತ ದೊಡ್ಡದು.
ಈ ಕೊಡ ಎಲ್ಲಕ್ಕಿಂತ ದೊಡ್ಡದು.

ಮೂರು ವಾಕ್ಯದಲ್ಲೂ 'ದೊಡ್ಡದು' ಎಂಬ ಪದ ಹಾಗೇ ಇದೆ, ಒಂದಕ್ಷರವೂ ಬದಲಾಗಿಲ್ಲ. ಬದಲಾದದ್ದು ಅದರ ಹಿಂದಿನ ಮಾತು. 'ಕೊಡಕ್ಕಿಂತ', 'ಎಲ್ಲಕ್ಕಿಂತ' ಎಂದು 'ಗಿಂತ'ವನ್ನು ಹೋಲಿಸುವ ವಸ್ತುವಿಗೆ ಅಂಟಿಸಿಬಿಟ್ಟೆವು, ಕೆಲಸ ಮುಗಿಯಿತು. ಮನೆಯಲ್ಲಿ ತುಳುವೋ ಕೊಂಕಣಿಯೋ ಆಡುವವರೂ ಇದನ್ನೇ ಮಾಡುತ್ತಾರೆ.

ಇಂಗ್ಲಿಷಿನಲ್ಲಿ ಗುಣ ಹೇಳುವ ಪದವೇ ಬದಲಾಗುತ್ತದೆ.

ದಿಸ್ ಪಾಟ್ ಈಸ್ ಬಿಗ್.
ದಿಸ್ ಪಾಟ್ ಈಸ್ ಬಿಗ್ಗರ್ ದ್ಯಾನ್ ದಟ್ ಪಾಟ್.
ದಿಸ್ ಪಾಟ್ ಈಸ್ ದಿ ಬಿಗ್ಗೆಸ್ಟ್.

ಬಿಗ್, ಬಿಗ್ಗರ್, ಬಿಗ್ಗೆಸ್ಟ್. ಒಂದು ವಸ್ತುವಿನ ಮಾತಾದರೆ ಪದ ಬರಿದಾಗಿ ಬರುತ್ತದೆ. ಎರಡನ್ನು ಹೋಲಿಸಿದರೆ 'ಅರ್' ಎಂಬ ಬಾಲ ಬರುತ್ತದೆ. ಮೂರು ಅಥವಾ ಅದಕ್ಕಿಂತ ಹೆಚ್ಚಿನವುಗಳಲ್ಲಿ ಒಂದನ್ನು ಆರಿಸಿದರೆ 'ಎಸ್ಟ್' ಎಂಬ ಬಾಲ ಬರುತ್ತದೆ. ನಮ್ಮ 'ಗಿಂತ' ಅಲ್ಲಿ 'ದ್ಯಾನ್' ಎಂಬ ಬೇರೆ ಪದ. ನಾವು 'ಗಿಂತ'ವನ್ನು ವಸ್ತುವಿನ ಹೆಸರಿನ ಹಿಂದೆ ಅಂಟಿಸುತ್ತೇವೆ, ಅವರು 'ದ್ಯಾನ್' ಅನ್ನು ವಸ್ತುವಿನ ಹೆಸರಿನ ಮುಂದೆ ಇಡುತ್ತಾರೆ.

ನಮ್ಮವರು 'ದಿಸ್ ಪಾಟ್ ಈಸ್ ಬಿಗ್ ದ್ಯಾನ್ ದಟ್ ಪಾಟ್' ಎನ್ನುವುದು ಏಕೆ ಎಂದು ಈಗ ಗೊತ್ತಾಯಿತಲ್ಲ? 'ಗಿಂತ' ಹೇಳಿಯಾಯಿತು, ಇನ್ನು 'ದೊಡ್ಡದು' ಏಕೆ ಬದಲಾಗಬೇಕು ಎಂಬುದು ಕನ್ನಡದ ಲೆಕ್ಕ. ಅದು ದಡ್ಡತನ ಅಲ್ಲ. ಕಲಿಸುವವರು ಇಷ್ಟನ್ನು ಅರ್ಥ ಮಾಡಿಕೊಂಡರೆ ಕಲಿಯುವವರ ಮೇಲೆ ರೇಗುವ ಪ್ರಸಂಗವೇ ಬರುವುದಿಲ್ಲ. ಎರಡು ಭಾಷೆಯ ವಾಕ್ಯಗಳನ್ನು ಹೀಗೆ ಅಕ್ಕಪಕ್ಕ ಬರೆದು, ಯಾವುದು ಬದಲಾಯಿತು ಎಂದು ಅವರ ಬಾಯಿಂದಲೇ ಹೇಳಿಸಬೇಕು.

ನಮಗೆ ಗೊತ್ತಿರುವ ಒಂದು ಬಾಲ

ಬಾಲ ಹಚ್ಚುವ ಪದಗಳು ನಮಗೆ ಪೂರ್ತಿ ಅಪರಿಚಿತವೇನೂ ಅಲ್ಲ. ಕನಿಷ್ಠ ಕೂಲಿ, ಗರಿಷ್ಠ ಬೆಲೆ, ಶ್ರೇಷ್ಠ ಗುಣಮಟ್ಟ ಎನ್ನುತ್ತೇವೆ. ಸಂಸ್ಕೃತದಿಂದ ಕನ್ನಡಕ್ಕೆ ಬಂದ ಈ ಪದಗಳ ಕೊನೆಯಲ್ಲಿ 'ಇಷ್ಠ' ಎಂಬ ಬಾಲ ಇದೆ, ಅದರ ಅರ್ಥ 'ಎಲ್ಲಕ್ಕಿಂತ' ಎಂದೇ. ಕನಿಷ್ಠ ಎಂದರೆ ಎಲ್ಲಕ್ಕಿಂತ ಕಡಿಮೆ, ಗರಿಷ್ಠ ಎಂದರೆ ಎಲ್ಲಕ್ಕಿಂತ ಹೆಚ್ಚು. ಸಂಸ್ಕೃತ ಮತ್ತು ಇಂಗ್ಲಿಷ್ ಬಹಳ ಹಿಂದೆ ಒಂದೇ ಮೂಲದಿಂದ ಕವಲೊಡೆದ ಭಾಷೆಗಳು. ಇಂಗ್ಲಿಷಿನ 'ಎಸ್ಟ್', ಸಂಸ್ಕೃತದ 'ಇಷ್ಠ' ಎರಡೂ ಒಂದೇ ಬೇರಿನವು. 'ಕನಿಷ್ಠ, ಗರಿಷ್ಠ, ಬಿಗ್ಗೆಸ್ಟ್, ಸ್ಮಾಲೆಸ್ಟ್' ಎಂದು ಒಟ್ಟಿಗೆ ನಾಲ್ಕು ಸಲ ಹೇಳಿಸಿ ನೋಡಿ. ನಂಟು ಕಿವಿಗೇ ಕೇಳಿಸುತ್ತದೆ.

ನಾಲ್ಕು ವಾರದ ಪಾಠ

ಒಂದೇ ದಿನ ಮೂರು ರೂಪವನ್ನೂ ಪಟ್ಟಿ ಮಾಡಿ ಬಾಯಿಪಾಠ ಮಾಡಿಸಬೇಡಿ. ಶಾಲೆಯಲ್ಲಿ ಮಕ್ಕಳು ಮೂವತ್ತು ಪದ ಗಿಳಿಪಾಠ ಒಪ್ಪಿಸುತ್ತಾರೆ, ಆದರೆ ಒಂದು ವಾಕ್ಯ ಹೇಳು ಎಂದರೆ ತಲೆ ತಗ್ಗಿಸುತ್ತಾರೆ. ನಮಗೆ ಬೇಕಾದ್ದು ವಾಕ್ಯ. ವಾರಕ್ಕೆ ಒಂದೇ ಹೆಜ್ಜೆ ಸಾಕು.

ಮೊದಲನೇ ವಾರ: ಎರಡೇ ವಸ್ತು

ಎರಡು ಸೌಟು, ಎರಡು ತುಂಡು ಹಗ್ಗ, ಎರಡು ತೆಂಗಿನಕಾಯಿ, ಒಂದು ಹಳೆಯ ಮತ್ತು ಒಂದು ಹೊಸ ಪಾಸ್‌ಬುಕ್ ತನ್ನಿ. ಹತ್ತು ಪದ ಮಾತ್ರ ಆರಿಸಿ: ಬಿಗ್, ಸ್ಮಾಲ್, ಲಾಂಗ್, ಶಾರ್ಟ್, ಟಾಲ್, ಓಲ್ಡ್, ನ್ಯೂ, ಚೀಪ್, ಹೈ, ಲೋ. ಇವೆಲ್ಲಕ್ಕೂ ನೇರವಾಗಿ ಬಾಲ ಬರುತ್ತದೆ: ಸ್ಮಾಲರ್, ಲಾಂಗರ್, ಶಾರ್ಟರ್, ಓಲ್ಡರ್, ಚೀಪರ್, ಹೈಯರ್, ಲೋಯರ್.

ಎರಡು ಹಗ್ಗವನ್ನು ಎತ್ತಿ ಹಿಡಿದು ಕಲಿಸುವವರೇ ಮೂರು ಸಲ ಹೇಳಲಿ: 'ದಿಸ್ ರೋಪ್ ಈಸ್ ಲಾಂಗರ್ ದ್ಯಾನ್ ದಟ್ ರೋಪ್.' ಕೂಡಲೇ ಎಲ್ಲರೂ ಹೇಳಬೇಕೆಂದು ಒತ್ತಾಯ ಬೇಡ. ಮೊದಲು 'ಯೆಸ್', 'ನೋ' ಎನ್ನಬಹುದಾದ ಪ್ರಶ್ನೆ ಕೇಳಿ: 'ಈಸ್ ದಿಸ್ ರೋಪ್ ಲಾಂಗರ್?' ಆಮೇಲೆ ಎರಡರಲ್ಲಿ ಒಂದನ್ನು ಆರಿಸುವ ಪ್ರಶ್ನೆ: 'ಲಾಂಗರ್ ಆರ್ ಶಾರ್ಟರ್?' ಕೊನೆಗೆ ಪೂರ್ತಿ ವಾಕ್ಯ. ದೊಡ್ಡವರಾದ ಮೇಲೆ ಕಲಿಯುವವರಿಗೆ ನಾಲ್ಕು ಜನರೆದುರು ತಪ್ಪುತ್ತೇನೇನೋ ಎಂಬ ಅಂಜಿಕೆಯೇ ಜಾಸ್ತಿ. ಅರ್ಥವಾಗಿದೆ ಎಂಬ ಧೈರ್ಯ ಮೊದಲು ಬರಲಿ, ಮಾತು ತಾನಾಗಿ ಬರುತ್ತದೆ.

ಹಳೆಯ ಮದುವೆ ಕಾಗದದ ಹಿಂಬದಿಯಲ್ಲಿ ಈ ಪದಗಳನ್ನು ದಪ್ಪಕ್ಷರದಲ್ಲಿ ಬರೆಯಿರಿ. ಇನ್ನೊಂದು ಬಣ್ಣದ ಚೀಟಿಯಲ್ಲಿ ಬಾಲ ಮಾತ್ರ ಇರಲಿ. ಬಟ್ಟೆ ಒಣಗಿಸುವ ಕ್ಲಿಪ್ಪಿನಿಂದ ಬಾಲವನ್ನು ಪದಕ್ಕೆ ಸಿಕ್ಕಿಸಿ. ಇಂಗ್ಲಿಷ್ ಅಕ್ಷರ ಬಾರದವರಿಗೂ ಬಣ್ಣ ನೋಡಿದರೆ ಬಾಲ ಬಂತು ಎಂದು ತಿಳಿಯುತ್ತದೆ.

ಬರೆಯಬಲ್ಲವರಿಗೆ ಮೂರು ಮಾತು ಹೇಳಿಕೊಡಿ. 'ಲಾರ್ಜ್' ಪದದ ಕೊನೆಯಲ್ಲಿ 'ಇ' ಅಕ್ಷರ ಈಗಾಗಲೇ ಇದೆ, ಹಾಗಾಗಿ 'ಆರ್' ಮಾತ್ರ ಸೇರಿಸಿದರೆ ಸಾಕು. 'ಬಿಗ್', 'ಹಾಟ್' ಇಂಥ ಪದಗಳಲ್ಲಿ ಕೊನೆಯ ಅಕ್ಷರ ಎರಡು ಸಲ ಬರಬೇಕು, 'ಬಿಗ್ಗರ್' ಬರೆಯುವಾಗ ಎರಡು 'ಜಿ'. 'ಹೆವಿ', 'ಈಸಿ' ಪದಗಳ ಕೊನೆಯ 'ವೈ' ಹೋಗಿ 'ಐ' ಬರುತ್ತದೆ. ಬರೆಯಲು ಬಾರದವರಿಗೆ ಇದರ ಚಿಂತೆಯೇ ಬೇಡ.

ಎರಡನೇ ವಾರ: ಚಪ್ಪಾಳೆ ಹೊಡೆದು ನೋಡಿ

ಉದ್ದ ಪದಗಳಿಗೆ ಬಾಲ ಹಚ್ಚಿದರೆ ಬಾಯಲ್ಲಿ ಹೊರಳುವುದಿಲ್ಲ. ಅವಕ್ಕೆ ಮುಂದೆ 'ಮೋರ್' ಎಂಬ ಪದ ಇಡಬೇಕು. ಎಕ್ಸ್‌ಪೆನ್ಸಿವ್ ಎಂದರೆ ದುಬಾರಿ, ಮೋರ್ ಎಕ್ಸ್‌ಪೆನ್ಸಿವ್ ಎಂದರೆ ಅದಕ್ಕಿಂತ ದುಬಾರಿ. ಹಾಗೆಯೇ ಮೋರ್ ಡಿಫಿಕಲ್ಟ್, ಮೋರ್ ಬ್ಯೂಟಿಫುಲ್, ಮೋರ್ ಇಂಪಾರ್ಟೆಂಟ್.

ಯಾವುದಕ್ಕೆ ಬಾಲ, ಯಾವುದಕ್ಕೆ 'ಮೋರ್' ಎಂದು ತಿಳಿಯಲು ಪದವನ್ನು ಹೇಳುತ್ತಾ ಚಪ್ಪಾಳೆ ಹೊಡೆಯಿರಿ. ಒಂದೇ ಚಪ್ಪಾಳೆಯ ಪದಕ್ಕೆ ಬಾಲ. ಮೂರು ಅಥವಾ ಹೆಚ್ಚು ಚಪ್ಪಾಳೆಯಾದರೆ 'ಮೋರ್'. ಎರಡು ಚಪ್ಪಾಳೆಯ ಪದ 'ಹೆವಿ', 'ಈಸಿ', 'ಹ್ಯಾಪಿ', 'ಡರ್ಟಿ'ಗಳಂತೆ 'ಇ' ಸ್ವರದಲ್ಲಿ ಮುಗಿದರೆ ಬಾಲ: ಹೆವಿಯರ್, ಈಸಿಯರ್. 'ಯೂಸ್‌ಫುಲ್', 'ಕೇರ್‌ಫುಲ್' ಇಂಥವಕ್ಕೆ 'ಮೋರ್'. ಇದಕ್ಕೆ ಅಲ್ಲೊಂದು ಇಲ್ಲೊಂದು ಅಪವಾದ ಇದೆ, ಆದರೆ ಕಲಿಕೆಯ ಮೊದಲ ವರ್ಷಕ್ಕೆ ಇಷ್ಟು ಧಾರಾಳ ಸಾಕು.

ಇಲ್ಲಿ ಒಂದು ಎಚ್ಚರ. ನಾವು ಇಂಗ್ಲಿಷ್ ಪದದ ಕೊನೆಗೆ ಅಭ್ಯಾಸಬಲದಿಂದ 'ಉ' ಸೇರಿಸುತ್ತೇವೆ: ಚೀಪು, ಬಿಗ್ಗು, ಬೆಸ್ಟು. ಕನ್ನಡದ ಮಾತಿನೊಳಗೆ ಹಾಗೆ ಹೇಳಿದರೆ ತಪ್ಪೇನಿಲ್ಲ. ಆದರೆ 'ಚೀಪು' ಎಂದು ಚಪ್ಪಾಳೆ ಹೊಡೆದರೆ ಎರಡು ಬೀಳುತ್ತದೆ, ಲೆಕ್ಕ ತಪ್ಪುತ್ತದೆ. ಆದ್ದರಿಂದ 'ಉ' ಬಿಟ್ಟು, ತುಟಿ ಮುಚ್ಚಿ 'ಚೀಪ್' ಎಂದು ನಿಲ್ಲಿಸುವುದನ್ನು ಮೊದಲು ಅಭ್ಯಾಸ ಮಾಡಿಸಿ.

ಈ ವಾರದ ಅಭ್ಯಾಸಕ್ಕೆ ಮೀನು ಮಾರುಕಟ್ಟೆಯೇ ಸಾಕು.

ಬೂತಾಯಿ ಈಸ್ ಸ್ಮಾಲರ್ ದ್ಯಾನ್ ಬಂಗುಡೆ.
ಅಂಜಲ್ ಈಸ್ ಮೋರ್ ಎಕ್ಸ್‌ಪೆನ್ಸಿವ್ ದ್ಯಾನ್ ಬಂಗುಡೆ.

ಮೀನಿನ ಹೆಸರನ್ನು ಇಂಗ್ಲಿಷಿಗೆ ತಿರುಗಿಸಬೇಕಾಗಿಲ್ಲ. ಗೊತ್ತಿರುವ ವಸ್ತುವಿನ ಮೇಲೆ ಹೊಸ ಪದ ಕೂರಿಸಿದರೆ ಬೇಗ ನೆಲೆ ನಿಲ್ಲುತ್ತದೆ. ಘಟ್ಟದ ಮೇಲಿನ ಸಂಘದವರು ರಾಗಿ, ಜೋಳ, ಕಾಫಿ, ಮೆಣಸು ಇಟ್ಟುಕೊಂಡು ಇದನ್ನೇ ಮಾಡಬಹುದು.

ಮೂರನೇ ವಾರ: ಮೂರು ವಸ್ತು

ಈಗ ಮೂರನೆಯ ಹಗ್ಗ ತನ್ನಿ, 'ಎಸ್ಟ್' ಬಾಲದ ಚೀಟಿ ತೆಗೆಯಿರಿ. 'ದಿಸ್ ಈಸ್ ದಿ ಲಾಂಗೆಸ್ಟ್ ರೋಪ್.' ಇಂಥದ್ದು ಒಂದೇ ಇರುವುದರಿಂದ ಮುಂದೆ 'ದಿ' ಬರುತ್ತದೆ. ಉದ್ದ ಪದಗಳಿಗೆ 'ಎಸ್ಟ್' ಬದಲು 'ದಿ ಮೋಸ್ಟ್': ದಿ ಮೋಸ್ಟ್ ಎಕ್ಸ್‌ಪೆನ್ಸಿವ್, ದಿ ಮೋಸ್ಟ್ ಇಂಪಾರ್ಟೆಂಟ್.

ಊರು, ನಾಡಿನ ವಿಷಯ ಇಟ್ಟುಕೊಂಡರೆ ಸಾಮಾನ್ಯ ಜ್ಞಾನವೂ ಬೆಳೆಯುತ್ತದೆ. ಕೃಷ್ಣಾ ನದಿಯ ಉದ್ದ ಸುಮಾರು 1,400 ಕಿಲೋಮೀಟರ್, ಕಾವೇರಿ ಸುಮಾರು 800 ಕಿಲೋಮೀಟರ್: 'ಕೃಷ್ಣಾ ಈಸ್ ಲಾಂಗರ್ ದ್ಯಾನ್ ಕಾವೇರಿ.' ಕುದುರೆಮುಖದ ಎತ್ತರ ಸುಮಾರು 1,890 ಮೀಟರ್, ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್: 'ಮುಳ್ಳಯ್ಯನಗಿರಿ ಈಸ್ ದಿ ಹೈಯೆಸ್ಟ್ ಪೀಕ್ ಇನ್ ಕರ್ನಾಟಕ.' ವಿಸ್ತೀರ್ಣದಲ್ಲಿ ನಮ್ಮ ರಾಜ್ಯದ ಅತಿ ದೊಡ್ಡ ಜಿಲ್ಲೆ ಬೆಳಗಾವಿ: 'ಬೆಳಗಾವಿ ಈಸ್ ದಿ ಲಾರ್ಜೆಸ್ಟ್ ಡಿಸ್ಟ್ರಿಕ್ಟ್.' ತಿಂಗಳುಗಳಲ್ಲಿ ಅತಿ ಚಿಕ್ಕದು ಯಾವುದು ಎಂದು ಕೇಳಿದರೆ ಎಲ್ಲರೂ ಉತ್ತರಿಸುತ್ತಾರೆ: 'ಫೆಬ್ರವರಿ ಈಸ್ ದಿ ಶಾರ್ಟೆಸ್ಟ್ ಮಂತ್.'

ನಾಲ್ಕನೇ ವಾರ: ಹೇಳಿದ ಮಾತು ಕೇಳದ ನಾಲ್ಕು ಪದ

ಎಲ್ಲಾ ಮನೆಯಲ್ಲೂ ಹೇಳಿದ ಮಾತು ಕೇಳದ ಮಕ್ಕಳು ಒಂದಿಬ್ಬರು ಇರುತ್ತಾರಲ್ಲ, ಇವೂ ಹಾಗೆ. ನಿಯಮಕ್ಕೆ ಸಿಗುವುದಿಲ್ಲ, ಆದರೆ ಎಲ್ಲರಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತವೆ.

ಗುಡ್, ಬೆಟರ್, ಬೆಸ್ಟ್: ಒಳ್ಳೆಯದು.
ಬ್ಯಾಡ್, ವರ್ಸ್, ವರ್ಸ್ಟ್: ಕೆಟ್ಟದ್ದು.
ಲಿಟಲ್, ಲೆಸ್, ಲೀಸ್ಟ್: ಸ್ವಲ್ಪ.
ಮಚ್, ಮೋರ್, ಮೋಸ್ಟ್: ಬಹಳ.

'ಬೆಟರ್', 'ವರ್ಸ್' ಎರಡನ್ನು ಆಸ್ಪತ್ರೆಯ ಮಾತಿನ ಜೊತೆ ಕಲಿಸಿ. ದೊಡ್ಡ ಆಸ್ಪತ್ರೆಗಳಲ್ಲಿ ಕನ್ನಡ ಬಾರದ ನರ್ಸ್, ಡಾಕ್ಟರ್ ಇರುವುದುಂಟು. ಅಂಥ ಕಡೆ 'ಮೈ ಸನ್ ಈಸ್ ಬೆಟರ್ ಟುಡೇ' ಎಂದರೆ ಮಗನಿಗೆ ಇವತ್ತು ವಾಸಿ ಎಂದು. 'ದಿ ಪೇಯ್ನ್ ಈಸ್ ವರ್ಸ್ ಅಟ್ ನೈಟ್' ಎಂದರೆ ರಾತ್ರಿ ಹೊತ್ತು ನೋವು ಜಾಸ್ತಿ ಎಂದು. ನೋವು ಯಾವಾಗ ಹೆಚ್ಚು, ಯಾವಾಗ ಕಡಿಮೆ ಎಂದು ಹೇಳಲು ಬಂದರೆ ಡಾಕ್ಟರಿಗೂ ರೋಗ ತಿಳಿಯುವುದು ಸುಲಭ. ಈ ಎರಡು ವಾಕ್ಯವನ್ನು ಎಲ್ಲರೂ ಬಾಯಿಪಾಠ ಮಾಡಿದರೂ ನಷ್ಟವಿಲ್ಲ.

ಸಾಮಾನ್ಯವಾಗಿ ಆಗುವ ತಪ್ಪುಗಳು

1. 'ಬಿಗ್ ದ್ಯಾನ್.' ಇದರ ಕಾರಣ ಮೇಲೆ ನೋಡಿದೆವು. 'ದ್ಯಾನ್' ಬಂದರೆ ಅದರ ಹಿಂದಿನ ಪದಕ್ಕೆ ಬಾಲ ಇದೆಯೇ ಅಥವಾ 'ಮೋರ್' ಇದೆಯೇ ಎಂದು ನೋಡಿಕೊಳ್ಳಬೇಕು.

2. 'ಮೋರ್ ಬೆಟರ್', 'ಮೋರ್ ಚೀಪರ್.' ಬಾಲವೂ ಬೇಕು, 'ಮೋರ್' ಕೂಡ ಬೇಕು ಎಂದರೆ ಒಂದು ಕಾಲಿಗೆ ಎರಡು ಚಪ್ಪಲಿ ಹಾಕಿದ ಹಾಗೆ. ಒಂದೇ ಸಾಕು: ಬೆಟರ್, ಚೀಪರ್.

3. 'ಬಿಗ್ಗೆಸ್ಟ್ ದ್ಯಾನ್ ಆಲ್.' ಇದು ನಮ್ಮ 'ಎಲ್ಲಕ್ಕಿಂತ' ಎಂಬುದರಿಂದ ಬಂದದ್ದು. 'ಎಸ್ಟ್' ಬಂದ ಮೇಲೆ 'ದ್ಯಾನ್' ಬರುವುದಿಲ್ಲ. 'ದಿ ಬಿಗ್ಗೆಸ್ಟ್ ಆಫ್ ಆಲ್' ಎನ್ನಬೇಕು. ಊರು, ರಾಜ್ಯ, ಮನೆ ಇಂಥ ಜಾಗದ ಹೆಸರು ಬಂದರೆ 'ಇನ್': ದಿ ಬಿಗ್ಗೆಸ್ಟ್ ಇನ್ ದಿ ವಿಲೇಜ್.

4. 'ಗುಡ್ಡರ್', 'ಬ್ಯಾಡರ್.' ಇದನ್ನು ಕೇಳಿ ನಗಬೇಡಿ. ಹೀಗೆ ಹೇಳಿದ ಸಹೋದರಿಗೆ ನಿಯಮ ಗೊತ್ತಾಗಿದೆ ಎಂದೇ ಅರ್ಥ. 'ಸರಿಯಾಗಿ ಯೋಚನೆ ಮಾಡಿದ್ರಿ ಅಕ್ಕ, ಆದ್ರೆ ಇದು ಮಾತು ಕೇಳದ ಪದ' ಎಂದು ಹೇಳಿದರೆ ಸಾಕು.

5. 'ದ್ಯಾನ್' ಮತ್ತು 'ದೆನ್.' ಮೊದಲಿನದು 'ಗಿಂತ', ಎರಡನೆಯದು 'ಆಮೇಲೆ.' ಬರೆಯುವಾಗ ಮೊದಲಿನದಕ್ಕೆ ನಡುವೆ 'ಎ', ಎರಡನೆಯದಕ್ಕೆ 'ಇ'.

ತಿದ್ದುವ ಬಗೆಗೆ ಒಂದು ಮಾತು. 'ತಪ್ಪು, ತಪ್ಪು' ಎಂದು ನಡುವೆ ಬಾಯಿ ಹಾಕಬೇಡಿ. ಸದಸ್ಯೆ 'ರಾಗಿ ಈಸ್ ಚೀಪ್ ದ್ಯಾನ್ ರೈಸ್' ಎಂದರೆ, ಕಲಿಸುವವರು 'ಹೌದು, ರಾಗಿ ಈಸ್ ಚೀಪರ್ ದ್ಯಾನ್ ರೈಸ್' ಎಂದು ಸರಿಯಾದ ರೂಪವನ್ನು ಮೆಲ್ಲಗೆ ಒತ್ತಿ ಹೇಳಲಿ. ಎರಡು ಮೂರು ಸಲ ಕೇಳಿದ ಮೇಲೆ ಅವರೇ ತಿದ್ದಿಕೊಳ್ಳುತ್ತಾರೆ.

ಮನುಷ್ಯರನ್ನು ತಕ್ಕಡಿಗೆ ಹಾಕಬೇಡಿ

ಎತ್ತರ, ದಪ್ಪ, ಚಂದ ಎಂದು ಇಬ್ಬರು ಹುಡುಗಿಯರನ್ನು ನಿಲ್ಲಿಸಿ ಹೋಲಿಸುವುದು ಈ ಪಾಠದ ಹಳೆಯ ಪದ್ಧತಿ. ನಮ್ಮ ಸಂಘದಲ್ಲಿ ಅದು ಬೇಡ. ಯಾರು ಕಪ್ಪು, ಯಾರು ಬಿಳಿ, ಯಾರು ದಪ್ಪ, ಯಾರ ಮನೆ ಸಣ್ಣದು, ಯಾರ ಕೊರಳಲ್ಲಿ ಒಡವೆ ಕಡಿಮೆ ಎಂಬ ಹೋಲಿಕೆಯನ್ನು ನಮ್ಮ ಹೆಣ್ಣುಮಕ್ಕಳು ಹುಟ್ಟಿದಾಗಿನಿಂದ ಕೇಳುತ್ತಾ ಬಂದಿದ್ದಾರೆ. ಹೆಣ್ಣು ನೋಡಲು ಬಂದವರ ಬಾಯಲ್ಲಿ ಕೇಳಿದ್ದಾರೆ, ಓರಗಿತ್ತಿಯರ ನಡುವೆ ಕೇಳಿದ್ದಾರೆ. ಸಂಘದ ಚಾಪೆಯ ಮೇಲೆ ಕೂತಾಗಲೂ ಇಂಗ್ಲಿಷಿನಲ್ಲಿ ಅದನ್ನೇ ಕೇಳಬೇಕೇ?

ಮಕ್ಕಳ ಅಂಕವನ್ನೂ ಹೋಲಿಸಬೇಡಿ. 'ನನ್ನ ಮಗ ನಿನ್ನ ಮಗನಿಗಿಂತ ಬೆಟರ್' ಎಂಬ ವಾಕ್ಯ ವ್ಯಾಕರಣಕ್ಕೆ ಸರಿ ಇರಬಹುದು, ಸಂಘಕ್ಕೆ ಸರಿ ಅಲ್ಲ. ವಸ್ತು, ಬೆಲೆ, ದೂರ, ತೂಕ, ಹೊತ್ತು, ಮಳೆ, ಬೆಳೆ ಇಷ್ಟು ಹೋಲಿಸಿದರೆ ಪದಕ್ಕೇನೂ ಬರವಿಲ್ಲ. ಮನುಷ್ಯರ ಬಗೆಗೇ ಹೇಳಬೇಕಾದರೆ ತನ್ನನ್ನು ತನ್ನ ನಿನ್ನೆಯ ಜೊತೆ ಹೋಲಿಸಿಕೊಳ್ಳಲಿ: 'ಮೈ ಇಂಗ್ಲಿಷ್ ಈಸ್ ಬೆಟರ್ ನೌ.'

ಹಣದ ವ್ಯವಹಾರದಲ್ಲಿ ಈ ಬಾಲಗಳು

ಇಲ್ಲಿಯವರೆಗೆ ಕಲಿತದ್ದು ನಿಜವಾಗಿ ಬೆಲೆ ಬಾಳುವುದು ಅಂಗಡಿಯಲ್ಲಿ, ಬ್ಯಾಂಕಿನಲ್ಲಿ.

ಪೊಟ್ಟಣದ ಮೇಲೆ: ಎಂ.ಆರ್.ಪಿ. ಎಂಬುದರಲ್ಲಿ 'ಎಂ' ಎಂದರೆ ಮ್ಯಾಕ್ಸಿಮಮ್, ಅಂದರೆ ಗರಿಷ್ಠ. ಅದು ಕೊಡಲೇಬೇಕಾದ ಬೆಲೆ ಅಲ್ಲ, ಕೇಳಬಹುದಾದ ಅತಿ ಹೆಚ್ಚಿನ ಬೆಲೆ. ಅದಕ್ಕಿಂತ ಕಡಿಮೆಗೆ ಅಂಗಡಿಯವರು ಮಾರಬಹುದು, ಹೆಚ್ಚಿಗೆ ಮಾರುವಂತಿಲ್ಲ. 'ಬೆಸ್ಟ್ ಬಿಫೋರ್' ಎಂದರೆ ಆ ದಿನದವರೆಗೆ ರುಚಿ, ಗುಣ ಅತ್ಯುತ್ತಮವಾಗಿರುತ್ತದೆ ಎಂದು. 'ಯೂಸ್ ಬೈ' ಅಥವಾ 'ಎಕ್ಸ್‌ಪೈರಿ' ಎಂದರೆ ಆ ದಿನ ದಾಟಿದ ಮೇಲೆ ತಿನ್ನಬಾರದು ಎಂದು. ಉಪ್ಪಿನಕಾಯಿ, ಹಪ್ಪಳ ಮಾಡಿ ಮಾರುವ ಸಂಘದವರು ಈ ಎರಡರ ವ್ಯತ್ಯಾಸವನ್ನು ಚೆನ್ನಾಗಿ ತಿಳಿದಿರಬೇಕು.

ಬೆಲೆ ಹೋಲಿಸುವಾಗ: ಒಂದು ಲೆಕ್ಕ ಮಾಡೋಣ. 100 ಗ್ರಾಂ ಸಾಬೂನಿಗೆ 40 ರೂಪಾಯಿ, 75 ಗ್ರಾಂ ಸಾಬೂನಿಗೆ 33 ರೂಪಾಯಿ ಎಂದಿಟ್ಟುಕೊಳ್ಳಿ. ಯಾವುದು 'ಚೀಪರ್'? 33 ಎಂದು ಬಾಯಿಗೆ ಬರುತ್ತದೆ. ಆದರೆ 75 ಗ್ರಾಮಿಗೆ 33 ಆದರೆ 100 ಗ್ರಾಮಿಗೆ 44 ಆಯಿತು. ತೂಕ ಒಂದೇ ಮಾಡಿ ನೋಡಿದರೆ ದೊಡ್ಡ ಸಾಬೂನೇ ಚೀಪರ್. ಅಳತೆ ಒಂದೇ ಇದ್ದಾಗ ಮಾತ್ರ 'ದ್ಯಾನ್' ಹೇಳಬೇಕು. ಈ ಒಂದು ಮಾತನ್ನು ನೆನಪಿಡಿ.

ಅರ್ಜಿಯಲ್ಲಿ: 'ನಾಟ್ ಲೆಸ್ ದ್ಯಾನ್ 18 ಇಯರ್ಸ್' ಎಂದರೆ 18ಕ್ಕೆ ಕಡಿಮೆ ಇರಬಾರದು, 18 ಆಗಿದ್ದರೆ ನಡೆಯುತ್ತದೆ. 'ನಾಟ್ ಮೋರ್ ದ್ಯಾನ್ 35' ಎಂದರೆ 35 ದಾಟಿರಬಾರದು. 'ಅಟ್ ಲೀಸ್ಟ್ 10 ಮೆಂಬರ್ಸ್' ಎಂದರೆ ಕಡಿಮೆ ಎಂದರೂ 10 ಜನ. 'ನೋ ಲೇಟರ್ ದ್ಯಾನ್ 10 ಮಾರ್ಚ್' ಎಂದರೆ ಮಾರ್ಚ್ 10ರ ಒಳಗೆ, ಆ ದಿನವೂ ಸೇರಿ. 'ನಾಟ್' ಇದೆ ಎಂದು ನಮಗಲ್ಲ ಎಂದುಕೊಂಡು ಅರ್ಜಿ ಮಡಚಿಡಬೇಡಿ.

ಸಾಲದ ಕಾಗದದಲ್ಲಿ: ಕೈಸಾಲ ಕೊಡುವವರು 'ತಿಂಗಳಿಗೆ ಮೂರೇ ರೂಪಾಯಿ ಬಡ್ಡಿ' ಎನ್ನುತ್ತಾರೆ. ಬ್ಯಾಂಕಿನವರು 'ವರ್ಷಕ್ಕೆ 12' ಎನ್ನುತ್ತಾರೆ. 3ಕ್ಕಿಂತ 12 ಹೆಚ್ಚು ಎಂದು ಮನಸ್ಸು ಹೇಳುತ್ತದೆ. ಅಳತೆ ಒಂದೇ ಮಾಡಿ. ತಿಂಗಳಿಗೆ ನೂರಕ್ಕೆ 3 ಎಂದರೆ ವರ್ಷಕ್ಕೆ 36. ಈಗ ವಾಕ್ಯ ಮಾಡಿ: 'ಥರ್ಟಿ ಸಿಕ್ಸ್ ಈಸ್ ಹೈಯರ್ ದ್ಯಾನ್ ಟ್ವೆಲ್ವ್.'

ಇನ್ನೊಂದು ಸೂಕ್ಷ್ಮ ಇದೆ. ಎರಡು ಕಡೆಯೂ 12 ಎಂದೇ ಬರೆದಿರಬಹುದು, ಒಂದರಲ್ಲಿ 'ಫ್ಲ್ಯಾಟ್', ಇನ್ನೊಂದರಲ್ಲಿ 'ರೆಡ್ಯೂಸಿಂಗ್' ಎಂದಿರಬಹುದು. 10,000 ರೂಪಾಯಿ ಸಾಲವನ್ನು 12 ಸಮಾನ ಮಾಸಿಕ ಕಂತಿನಲ್ಲಿ ತೀರಿಸುತ್ತೀರಿ ಎಂದುಕೊಳ್ಳಿ. ಫ್ಲ್ಯಾಟ್ ಆದರೆ ನೀವು ಕಂತು ಕಟ್ಟುತ್ತಾ ಹೋದರೂ ಪೂರ್ತಿ 10,000ಕ್ಕೇ ಬಡ್ಡಿ ಹಾಕುತ್ತಾರೆ, ಒಟ್ಟು ಬಡ್ಡಿ 1,200 ರೂಪಾಯಿ. ರೆಡ್ಯೂಸಿಂಗ್ ಆದರೆ ಉಳಿದ ಅಸಲಿಗೆ ಮಾತ್ರ ಬಡ್ಡಿ, ಒಟ್ಟು ಸುಮಾರು 660 ರೂಪಾಯಿ. ಕಾಗದದ ಮೇಲೆ ದರ ಒಂದೇ, ಕೈಯಿಂದ ಹೋಗುವ ಹಣ ಬೇರೆ. ಸಹಿ ಹಾಕುವ ಮೊದಲು ಈ ಎರಡು ಪ್ರಶ್ನೆ ಕೇಳಿ, ಕನ್ನಡದಲ್ಲಾದರೂ ಸರಿ, ಇಂಗ್ಲಿಷಿನಲ್ಲಾದರೂ ಸರಿ:

ವಿಚ್ ಲೋನ್ ಈಸ್ ಚೀಪರ್? ಯಾವ ಸಾಲ ಅಗ್ಗ?
ವಾಟ್ ಈಸ್ ದಿ ಟೋಟಲ್ ಇಂಟರೆಸ್ಟ್? ಒಟ್ಟು ಬಡ್ಡಿ ಎಷ್ಟು?

ಇಂಗ್ಲಿಷ್ ಬಾರದೆ ಸಹಿ ಹಾಕಿದೆ ಎಂದು ಆಮೇಲೆ ಕೊರಗುವ ಸ್ಥಿತಿ ಯಾರಿಗೂ ಬರಬಾರದು. ಕಿರುಸಾಲದ ಕಾರ್ಡಿನಲ್ಲಿ ಬರೆಯುವ ವಿವರಗಳು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವೇ ಹೇಳುತ್ತದೆ. ಕನ್ನಡದಲ್ಲಿ ಕೊಡಿ ಎಂದು ಕೇಳುವುದು ನಮ್ಮ ಹಕ್ಕು. ಇಂಗ್ಲಿಷ್ ಕಲಿಯುವುದು ಆ ಹಕ್ಕನ್ನು ಬಿಟ್ಟುಕೊಡಲಿಕ್ಕಲ್ಲ. ಎದುರಿಗಿರುವ ಕಾಗದ ಯಾವ ಭಾಷೆಯಲ್ಲಿದ್ದರೂ ಯಾವುದು ಹೆಚ್ಚು, ಯಾವುದು ಕಡಿಮೆ ಎಂದು ನಾವೇ ಓದಿ ಹೇಳುವಂತಾಗಲಿಕ್ಕೆ.

ಮುಂದಿನ ಸಭೆಗೆ

1. ಪ್ರತಿಯೊಬ್ಬರೂ ಮನೆಯಿಂದ ಒಂದು ಖಾಲಿ ಪೊಟ್ಟಣ ತನ್ನಿ. ಅದರ ಮೇಲೆ ಎಂ.ಆರ್.ಪಿ., ತೂಕ, 'ಬೆಸ್ಟ್ ಬಿಫೋರ್' ಎಲ್ಲಿದೆ ಎಂದು ಹುಡುಕಿ. ಎರಡು ಪೊಟ್ಟಣ ಹೋಲಿಸಿ ಒಂದು 'ದ್ಯಾನ್' ವಾಕ್ಯ ಹೇಳಿ.

2. ಸಂಘದ ಲೆಕ್ಕದ ಪುಸ್ತಕದಿಂದ ಮೂರು ತಿಂಗಳ ಒಟ್ಟು ಉಳಿತಾಯ ಬರೆದು, ಯಾವ ತಿಂಗಳು 'ದಿ ಹೈಯೆಸ್ಟ್', ಯಾವುದು 'ದಿ ಲೋಯೆಸ್ಟ್' ಎಂದು ಹೇಳಿ. ಸದಸ್ಯರ ಹೆಸರು ಎತ್ತಬೇಡಿ, ಒಟ್ಟು ಮೊತ್ತ ಮಾತ್ರ ಸಾಕು.

3. ಯಾರಾದರೂ ಸಾಲದ ಕಾಗದ ತಂದರೆ ಅದರಲ್ಲಿ 'ಫ್ಲ್ಯಾಟ್' ಇದೆಯೋ 'ರೆಡ್ಯೂಸಿಂಗ್' ಇದೆಯೋ ಎಂದು ಎಲ್ಲರೂ ಸೇರಿ ನೋಡಿ.

4. ಮನೆಯಲ್ಲಿ ಮಗುವಿಗೆ ಈ ವಾರ ಮೂರು ಪದ ನೀವೇ ಹೇಳಿಕೊಡಿ. ಮುಂದಿನ ವಾರ ಮಗು ಏನು ಹೇಳಿತು ಎಂದು ಸಂಘದಲ್ಲಿ ಹಂಚಿಕೊಳ್ಳಿ.

ವಾರಕ್ಕೆ ಅರ್ಧ ಗಂಟೆ, ಹತ್ತು ಪದ. ಕಳೆದ ವಾರಕ್ಕಿಂತ ಈ ವಾರ ಒಂದು ವಾಕ್ಯ ಜಾಸ್ತಿ ಬಂದರೆ ಸಾಕು, ಅಷ್ಟನ್ನೇ 'ಬೆಟರ್' ಎನ್ನುವುದು.